ಯಾರಿಗೂ ಕಾಣದಂತೆ ಹುಡುಕಬೇಕಾದ ಡಬ್ಬಿ

ಈಚೆಗೆ ಗದಗಿನಿಂದ ಹುಬ್ಬಳ್ಳಿಗೆ ಹೊರಟ ಬಸ್ಸು ಅಣ್ಣಿಗೇರಿ ದಾಟುವಾಗ ಕಿಟಕಿಯಿಂದ ಒಣಮೆಣಸಿನಕಾಯಿಯ ಘಾಟು ಒಳಗೆ ನುಗ್ಗಿತು. ರಸ್ತೆಯ ಪಕ್ಕದ ಕಣಗಳಲ್ಲಿ ಕೆಂಪು ಕಾಯಿ ಹಾಸಿದ್ದರು. ಬಸ್ಸಿನಲ್ಲಿದ್ದವರೆಲ್ಲ ಒಬ್ಬರಾದ ಮೇಲೆ ಒಬ್ಬರು ಸೀನಿದರು. ಸೀನಿ ಮುಗಿಸಿದ ಪಕ್ಕದ ಹೆಂಗಸು ಮೂಗು ಒರೆಸಿಕೊಂಡು ನನ್ನತ್ತ ತಿರುಗಿ, "ಯಾವೂರ್ರಿ? ಯಾರ ಮನಿಗೆ ಹೊಂಟೀರಿ? ಚೀಲದಾಗ ಏನ್ ಐತ್ರಿ?" ಎಂದು ಶುರುಮಾಡಿದಳು. ನನಗೆ ನಗು ಬಂತು, ಹಳೆಯ ಸಿಟ್ಟೂ ಬಂತು. ಈ ಸೀಮೆಯಲ್ಲಿ ಯಾರ ಕಣ್ಣಿಗೂ ಬೀಳದೆ ಒಂದು ಕೆಲಸ ಮಾಡಿ ಮುಗಿಸುವುದು ಮನುಷ್ಯಮಾತ್ರರಿಗೆ ಸಾಧ್ಯವಿಲ್ಲ. ಅಣ್ಣಿಗೇರಿಯಲ್ಲಿ ಕಳೆದ ಆ ಒಂದು ವರ್ಷ ನನಗೆ ಅದನ್ನು ಚೆನ್ನಾಗಿ ಕಲಿಸಿತ್ತು.

ಆ ವರ್ಷ ನನಗೆ ಅಲ್ಲಿನ ಸರ್ಕಾರಿ ಕಾಲೇಜಿಗೆ ವರ್ಗವಾಗಿತ್ತು. ಭೂಗೋಳ ಪಾಠ ಮಾಡುವುದು ನನ್ನ ಕೆಲಸ. ಗಂಡ ಮಹಾಂತೇಶ ಗೂಡ್ಸ್ ಗಾಡಿಯ ಗಾರ್ಡ್. ಡ್ಯೂಟಿಗೆ ಹೋದರೆ ಮನೆಗೆ ಯಾವಾಗ ಬರುತ್ತಾನೆ ಎಂಬುದು ಅವನಿಗೇ ಗೊತ್ತಿರುತ್ತಿರಲಿಲ್ಲ. ಮಳೆಗಾಲದ ನಡುವೆ ಮಾವ ಫಕೀರಪ್ಪನವರಿಗೆ ಎದೆನೋವು ಬಂದು, ಸ್ಟೆಂಟ್ ಹಾಕಿಸಿಕೊಂಡು ನಮ್ಮ ಬಾಡಿಗೆ ಮನೆಗೆ ಬಂದರು. ಅತ್ತೆ ತೀರಿಕೊಂಡು ಕೆಲವು ವರ್ಷಗಳಾಗಿದ್ದವು. ದಿನಾ ನಡೆಯಬೇಕು, ನಡೆಯದಿದ್ದರೆ ಮತ್ತೆ ಇಲ್ಲಿಗೇ ಬರುತ್ತೀರಿ ಎಂದು ಡಾಕ್ಟರು ಖಡಾಖಂಡಿತವಾಗಿ ಹೇಳಿ ಕಳಿಸಿದ್ದರು.

ಮಾವ ನಡೆಯಲಿಲ್ಲ. ಸರ್ಕಾರಿ ಬಸ್ಸಿನ ಕಂಡಕ್ಟರಾಗಿ ಇಡೀ ನೌಕರಿಯನ್ನು ಇದೇ ಜಿಲ್ಲೆಯ ರಸ್ತೆಗಳ ಮೇಲೆ ಕಳೆದವರು. ನಾನು ಬೆಳಿಗ್ಗೆ ಚಪ್ಪಲಿ ತಂದು ಮುಂದಿಟ್ಟರೆ, "ಸುಮ್ ಸುಮ್ಕ ಎಲ್ಲಿಗೆ ನಡೀಲಿ ಬೇ? ನಡ್ಕೋತ ಹೋಗಿ ತಿರುಗಿ ಇದ ಮನಿಗೆ ಬರೂದಾದ್ರ ಹೋಗೂದ್ಯಾಕ?" ಎನ್ನುತ್ತಿದ್ದರು. ಮಾತಿಗೆ ಮಾತು ಬೆಳೆಸಿದರೆ ಗೋಡೆಯ ಕಡೆ ತಿರುಗಿ ಮಲಗುತ್ತಿದ್ದರು. ಶ್ರಾವಣ ಹೋಯಿತು, ಗಣೇಶ ಬಂದು ಹೋದ. ಅವರ ಹೊಟ್ಟೆ ಮುಂದೆ ಬಂತು, ಉಸಿರು ಚಿಕ್ಕದಾಯಿತು. ಮಹಾಂತೇಶ ಫೋನಿನಲ್ಲಿ, "ನೀನಾರ ಸ್ವಲ್ಪ ಜೋರ್ ಮಾಡು" ಎನ್ನುವನು. ಗಾಡಿಯ ಕೊನೆಯ ಡಬ್ಬಿಯಲ್ಲಿ ಕುಳಿತು ಜೋರು ಮಾಡಲು ಹೇಳುವುದು ಸುಲಭ.

ಆಗ ಸಿಕ್ಕಿದ್ದು ಈ ಆಟ. ಅಕ್ಷಾಂಶ ರೇಖಾಂಶ ಎಂದರೆ ಹುಡುಗರು ಆಕಳಿಸುತ್ತಾರೆಂದು ಏನಾದರೂ ಮೋಜಿನದು ಹುಡುಕುತ್ತಿದ್ದೆ. ಜಿಯೋಕ್ಯಾಶಿಂಗ್ ಎಂಬ ಆಟದ ಆ್ಯಪ್ ಕಣ್ಣಿಗೆ ಬಿತ್ತು. ಯಾರೋ ಎಲ್ಲೋ ಒಂದು ಸಣ್ಣ ಡಬ್ಬಿ ಬಚ್ಚಿಟ್ಟು, ಆ ಜಾಗದ ಅಕ್ಷಾಂಶ ರೇಖಾಂಶವನ್ನು ಅದರಲ್ಲಿ ಹಾಕಿರುತ್ತಾರೆ. ನಾವು ಹೋಗಿ ಹುಡುಕಿ, ಒಳಗಿನ ಚೀಟಿಯ ಮೇಲೆ ಹೆಸರು ಬರೆದು, ಡಬ್ಬಿಯನ್ನು ಇದ್ದಲ್ಲೇ ಇಟ್ಟು ಬರಬೇಕು. ಒಂದೇ ಷರತ್ತು: ಸುತ್ತಲಿನವರಿಗೆ ಗೊತ್ತಾಗಬಾರದು. ಗೊತ್ತಾದರೆ ಯಾರಾದರೂ ಡಬ್ಬಿ ಎತ್ತಿಕೊಂಡು ಹೋಗುತ್ತಾರೆ, ಮುಂದೆ ಬಂದವರಿಗೆ ಸಿಗುವುದಿಲ್ಲ. ನಮ್ಮ ಜಿಲ್ಲೆಯ ನಕ್ಷೆಯ ಮೇಲೆ ಅಲ್ಲೊಂದು ಇಲ್ಲೊಂದು ಚುಕ್ಕೆ ಕಂಡವು. ಯಾರೋ ಪುಣ್ಯಾತ್ಮ ಬೈಕಿನ ಮೇಲೆ ತಿರುಗುತ್ತ ಬಸ್ ಸ್ಟ್ಯಾಂಡು, ಸ್ಟೇಷನ್ನು, ಸಂತೆಪೇಟೆ ಎಂದು ಜನ ಕಿಕ್ಕಿರಿಯುವ ಜಾಗಗಳನ್ನೇ ಆರಿಸಿ ಇಟ್ಟಿದ್ದ.

ಮಾವನಿಗೆ ತೋರಿಸಿದೆ. ಹಾಸಿಗೆಯ ಮೇಲೆ ಎದ್ದು ಕುಳಿತರು. "ಕುಂದಗೋಳ ಸ್ಟ್ಯಾಂಡಿನ್ಯಾಗ ಡಬ್ಬಿ ಇಟ್ಟಾನ? ನನಗ ಗೊತ್ತಿಲ್ದ? ಯಾರ್ ಲೇ ಅಂವಾ?" ಮರುದಿನವೇ ಚಪ್ಪಲಿ ತಾವೇ ಮೆಟ್ಟಿಕೊಂಡರು.

ಕುಂದಗೋಳದಲ್ಲಿ ಇಳಿದಾಗ ಸ್ಟ್ಯಾಂಡು ತುಂಬಿ ತುಳುಕುತ್ತಿತ್ತು. ಮಳೆ ನಿಂತು ಎರಡು ದಿನವಾಗಿದ್ದರೂ ಎಲ್ಲರ ಕಾಲಿಗೂ ಎರೆಮಣ್ಣು ಗಡ್ಡೆಗಟ್ಟಿತ್ತು. ಫೋನು ಒಂದು ಹಳೆಯ ತಗಡಿನ ಬೋರ್ಡಿನ ಕಡೆ ತೋರಿಸುತ್ತಿತ್ತು. ನಾನು ಬಸ್ಸಿಗೆ ಕಾಯುವವಳಂತೆ ಬೋರ್ಡಿಗೆ ಒರಗಿ ನಿಂತು, ಬೆನ್ನ ಹಿಂದೆ ಕೈಹಾಕಿ ಮೆಲ್ಲಗೆ ತಡವತೊಡಗಿದೆ. ದಾರಿಯುದ್ದಕ್ಕೂ ಮಾವನಿಗೆ ಹೇಳಿದ್ದೆ, ಮಾತಾಡಬೇಡಿ, ದೂರ ನಿಲ್ಲಿ ಎಂದು. ಅವರು ದೂರವೇ ನಿಂತಿದ್ದರು. ಸ್ಟ್ಯಾಂಡಿನ ಆ ಕೊನೆಯಲ್ಲಿ. ಅಲ್ಲಿಂದಲೇ, ತುಂಬಿದ ಬಸ್ಸಿನ ಹಿಂದಿನ ಸೀಟಿಗೆ ಕೇಳುವಂತೆ ಕೂಗುವ ಗಂಟಲಿನಿಂದ, "ಜಯಾ! ಈ ಕಡೆ ಇಲ್ಲ ಬೇ! ನಿನ್ ಕಡೆ ಸಿಕ್ತ?" ಎಂದರು.

ಇಡೀ ಸ್ಟ್ಯಾಂಡು ನನ್ನನ್ನು ನೋಡಿತು. ಪೇರಲಹಣ್ಣಿನ ಬುಟ್ಟಿ ಇಟ್ಟುಕೊಂಡ ಮುದುಕಿ ಎದ್ದೇ ಬಂದಳು. "ಏನ್ ಕಳಕೊಂಡಿಯವ್ವಾ?"

ಬಾಯಿಗೆ ಬಂದದ್ದು ಹೇಳಿದೆ. "ಓಲಿ. ಕಿವಿ ಓಲಿ ಬಿದ್ದೈತ್ರಿ."

"ಅಯ್ಯ, ಬಂಗಾರದ್ದ?"

ಆಯಿತು. ಮುದುಕಿ ಬುಟ್ಟಿ ಸರಿಸಿದಳು. ಶಾಲೆಯ ಹುಡುಗಿಯರು ಬಗ್ಗಿದರು. ಹೊರಡಲು ನಿಂತ ಬಸ್ಸಿನ ಡ್ರೈವರು ಮಾವನ ಗುರುತು ಹಿಡಿದು, "ಫಕೀರಪ್ಪಣ್ಣನ ಸೊಸಿದಂತ್ರಿ" ಎಂದು ಇಂಜಿನ್ನು ಆರಿಸಿ ತಾನೂ ಇಳಿದ. ನೆಲವೆಲ್ಲ ಜಾಲಾಡಿದರು. ಕೊನೆಗೆ ಒಬ್ಬ ಮುದುಕ ಚರಂಡಿಯ ಅಂಚಿನಿಂದ ನಿಜವಾಗಿಯೂ ಒಂದು ಬಂಗಾರದ ಓಲೆ ಎತ್ತಿ ತಂದು ನನ್ನ ಅಂಗೈಗೆ ಹಾಕಿದ. ಯಾರದೋ ಏನೋ. ನನ್ನ ಎರಡೂ ಕಿವಿಯಲ್ಲಿ ಓಲೆಗಳು ಭದ್ರವಾಗಿದ್ದವು. ಸೆರಗನ್ನು ತಲೆಯ ಮೇಲೆಳೆದುಕೊಂಡೆ. ಅದು ನನ್ನದಲ್ಲ ಎಂದು ಹೇಳಿ ಕಂಟ್ರೋಲರ ಕೋಣೆಗೆ ಕೊಟ್ಟು ಬರುವಷ್ಟರಲ್ಲಿ, "ಹಂಗಾದ್ರ ನಿಮ್ದು ಎಂಥಾದು?" ಎಂಬ ಪ್ರಶ್ನೆಗೆ ಉತ್ತರ ಹೇಳಿ ಹೇಳಿ ನನ್ನ ಬಾಯಿ ಒಣಗಿತ್ತು. ಬೆವರು ಒರೆಸಿಕೊಳ್ಳುತ್ತ ಬೋರ್ಡಿಗೆ ಒರಗಿದಾಗ ಬೆರಳಿಗೆ ತಣ್ಣಗೆ ಏನೋ ತಾಗಿತು. ಅಯಸ್ಕಾಂತದಿಂದ ಅಂಟಿದ್ದ, ಅಡಿಕೆಯಷ್ಟು ದೊಡ್ಡ ಡಬ್ಬಿ.

ಚೀಟಿಯ ಮೇಲೆ ಮಾವ ತಮ್ಮ ಪೂರ್ತಿ ಹೆಸರು, ತಂದೆಯ ಹೆಸರು ಬರೆದು, ಹುದ್ದೆ ಬರೆಯಲು ಜಾಗ ಸಾಲದೆಂದು ಗೊಣಗಿದರು.

ಆಮೇಲೆ ಅವರನ್ನು ಹಿಡಿಯುವವರಿಲ್ಲ. ಅಳ್ನಾವರ ಸ್ಟೇಷನ್ನಿನ ಹೊರಗೆ ಡಬ್ಬಿ ಸಿಗುವ ಮೊದಲೇ ಅವರಿಗೆ ಹಳೆಯ ಪರಿಚಯದ ನಾಲ್ವರು ಸಿಕ್ಕಿ, ಮೂರು ಕಡೆ ಚಹಾ ಆಯಿತು. ಗೋವಾ ಕಡೆಗೆ ಹೊರಟ ಮೀನಿನ ವ್ಯಾಪಾರಿಯೊಬ್ಬನನ್ನೂ ಹುಡುಕಾಟಕ್ಕೆ ಹಚ್ಚಿದರು. ನವಲಗುಂದದ ಪೇಟೆಯಲ್ಲಿ ನಾನು ಕಬ್ಬಿನ ಹಾಲಿನ ಅಂಗಡಿಯ ಹಿಂದೆ ಮಂಡಿಯೂರಿದ್ದಾಗ ನನ್ನದೇ ವಿದ್ಯಾರ್ಥಿನಿ ಅವ್ವನ ಜೊತೆ ಬಂದು, "ನಮಸ್ಕಾರ್ರಿ ಮೇಡಮ್" ಎಂದಳು. ಸೋಮವಾರ ಸ್ಟಾಫ್ ರೂಮಿನಲ್ಲಿ ಪ್ರಿನ್ಸಿಪಾಲರು ನಗುತ್ತ, "ಏನೋ ಸಂಶೋಧನೆ ನಡಿಸೀರಂತ?" ಎಂದರು. ನನ್ನ ಮಾನದ ಚಿಂತೆ ನನಗೆ. ಮಾವನಿಗೆ ಅದು ಅರ್ಥವೇ ಆಗಲಿಲ್ಲ.

"ಕದ್ದು ಮುಚ್ಚಿ ಮಾಡಾಕ ಇದೇನ್ ಕಳವು ಏನ್? ಕೇಳಿದ್ರ ಹೇಳೂಣು, ಇಂಥಾದ್ದು ಹುಡುಕಾಕತ್ತೀವಿ ಅಂತ."

"ಹೇಳಿದ್ರ ಆಟ ಕೆಡ್ತೈತ್ರಿ ಮಾಮಾರ."

"ಹೇಳ್ದಿದ್ರ ಮಾತು ಕೆಡ್ತೈತಿ."

ಇಷ್ಟೆಲ್ಲ ಸಂಕಟಪಟ್ಟರೂ ಒಂದನ್ನು ಒಪ್ಪಲೇಬೇಕು. ದೀಪಾವಳಿ ಹೊತ್ತಿಗೆ ಅವರ ಹೊಟ್ಟೆ ಇಳಿದಿತ್ತು. ಸ್ಟೇಷನ್ ರಸ್ತೆಯುದ್ದಕ್ಕೂ ನನಗಿಂತ ಮುಂದೆ ನಡೆಯುತ್ತಿದ್ದರು. ತಪಾಸಣೆಗೆ ಹೋದಾಗ ಡಾಕ್ಟರು ನನ್ನ ಕಡೆ ನೋಡಿ, "ಏನು ಮಾಡಿದಿರಿ?" ಎಂದು ಕೇಳಿದರು. ಹೇಳಲು ನಾಚಿಕೆಯಾಯಿತು.

ಉಳಿದದ್ದು ಒಂದೇ ಚುಕ್ಕೆ. ಶಲವಡಿ ದಾಟಿ ಮುಂದೆ ಹೋದರೆ ಸಿಗುವ ಒಂದು ಊರು. ಹೆಸರು ಹೇಳುವುದಿಲ್ಲ, ಅಲ್ಲಿಯವರಿಗೆ ಈಗಲೂ ನನ್ನ ಫೋನ್ ನಂಬರ್ ಗೊತ್ತಿದೆ. ಬಸ್ಸು ನಿಲ್ಲುವಲ್ಲಿ ದೊಡ್ಡ ಬೇವಿನ ಮರ, ಅದರ ಸುತ್ತ ಹಳೆಯ ಕಲ್ಲಿನ ಕಟ್ಟೆ. ಡಬ್ಬಿ ಆ ಕಟ್ಟೆಯ ಯಾವುದೋ ಸಂದಿಯಲ್ಲಿದೆ ಎಂದು ಆ್ಯಪ್ ಹೇಳುತ್ತಿತ್ತು. ಆ ಕಟ್ಟೆಯ ಮೇಲೆ ಜನ ಇಲ್ಲದ ಹೊತ್ತೇ ಇಲ್ಲ. ಬೆಳಿಗ್ಗೆ ಹಾಲಿನವರು, ಮಧ್ಯಾಹ್ನ ಇಸ್ಪೀಟಿನವರು, ಸಂಜೆ ಇಡೀ ಊರು.

ಮೊದಲ ಸಲ ಹೋದದ್ದು ಕಡಲೆ ಹೂಬಿಟ್ಟ ಕಾಲದಲ್ಲಿ. ಕಟ್ಟೆಯ ಮೇಲೆ ಕುರಿ ಕಾಯ್ದು ಕಾಯ್ದು ಬೆನ್ನು ಬಾಗಿದ ಯಲ್ಲಪ್ಪಜ್ಜ ಕುಳಿತಿದ್ದ. ಏನು ಹುಡುಕುತ್ತೀ ಎಂದು ಕೇಳಿದ. ಸ್ಕೂಟಿಯ ಕೀಲಿ ಎಂದೆ. ಕೀಲಿ ನನ್ನ ಬೆರಳಲ್ಲೇ ತೂಗಾಡುತ್ತಿತ್ತು. ಅಜ್ಜನ ಕಣ್ಣು ಮಂಜಾಗಿದ್ದು ನನ್ನ ಪುಣ್ಯ ಎಂದುಕೊಂಡೆ. ಎರಡನೆಯ ಸಲ ಚಹಾದಂಗಡಿಯ ದ್ಯಾಮಣ್ಣ ಬಂದು ಕೇಳಿದ. ಕಾಲೇಜಿನಿಂದ ಬೇವಿನ ಮರಗಳ ಸರ್ವೆ ಎಂದೆ. ಅದೇ ದಿನ ತಲೆಯ ಮೇಲೆ ಹುಲ್ಲಿನ ಹೊರೆ ಹೊತ್ತು ಬಂದ, ಮೂವತ್ತರ ಆಸುಪಾಸಿನ ಹೆಂಗಸೊಬ್ಬಳು ನಿಂತು ನೋಡಿದಳು. ಬಸ್ಸಿಗೆ ಕಾಯುತ್ತಿದ್ದೇನೆ ಎಂದು ಅವಳು ಕೇಳುವ ಮೊದಲೇ ಹೇಳಿಬಿಟ್ಟೆ. ಅವಳು ನನ್ನ ಸ್ಕೂಟಿಯನ್ನು ನೋಡಿದಳು, ನನ್ನನ್ನು ನೋಡಿದಳು, ಸುಮ್ಮನೆ ಹೋದಳು. ಅವಳೇ ಪಂಚಾಯಿತಿ ಸದಸ್ಯೆ ರೇಣುಕಾ ಎಂಬುದು ಆಮೇಲೆ ತಿಳಿಯಿತು.

ಮಾವ ಎರಡೂ ಸಲ ಕಟ್ಟೆಯ ಮೇಲೆ ಕಾಲು ಚಾಚಿ ಕುಳಿತು ಹರಟೆ ಹೊಡೆದರು. ತಮ್ಮ ಹೆಸರು, ಊರು, ಮಗನ ನೌಕರಿ, ಸೊಸೆಯ ಕಾಲೇಜು, ಎದೆಯ ಸ್ಟೆಂಟು, ನನ್ನ ಫೋನ್ ನಂಬರು, ಯಾವುದನ್ನೂ ಬಿಡದೆ ಹೇಳಿದರು. ನಾನು ಹಲ್ಲು ಕಚ್ಚಿಕೊಂಡು ಕಲ್ಲಿನ ಸಂದಿಗಳಲ್ಲಿ ಬೆರಳು ತೂರಿಸುತ್ತಿದ್ದೆ.

ಮೂರನೆಯ ಸಲವೂ ಡಬ್ಬಿ ಸಿಗಲಿಲ್ಲ. ಇಸ್ಪೀಟಿನವರಲ್ಲಿ ಒಬ್ಬ ಎಲೆ ಎಸೆಯುತ್ತ, "ಏನ್ರಿ ಮೇಡಮ್, ಕಟ್ಟಿ ಕೆಳಗ ನಿಧಿ ಗಿಧಿ ಐತೇನ್?" ಎಂದು ನಕ್ಕ. ನಾನು ಬಾಯಿ ತೆರೆಯುವ ಮೊದಲೇ ಮಾವ ಉತ್ತರ ಕೊಟ್ಟರು. "ಹೌದು ಮತ್ತ! ಏಳ್ ಕೊಪ್ಪರಿಗಿ ಐತಿ. ಸಿಕ್ರ ಒಂದು ನಿಂದ!" ಎಲ್ಲರೂ ಹೋ ಎಂದು ನಕ್ಕರು. ಮಾವ ಎಲ್ಲರಿಗಿಂತ ಜೋರಾಗಿ ನಕ್ಕರು. ನಾನು ಸ್ಕೂಟಿ ಹತ್ತಿ, ಅವರು ಏಳುವವರೆಗೂ ಹಾರ್ನ್ ಒತ್ತಿದೆ.

ಹದಿನೈದು ದಿನವಾಗಿರಬಹುದು. ಮೆಣಸಿನಕಾಯಿ ಬಿಡಿಸುವ ಕಾಲ. ಕ್ಲಾಸಿನಿಂದ ಹೊರಗೆ ಬರುತ್ತಿದ್ದಂತೆ ಫೋನು. "ನಾನ್ರಿ, ರೇಣುಕಾ, ಪಂಚಾಯ್ತಿ ಮೆಂಬರ್. ನಮ್ಮೂರ ಕಟ್ಟಿ ಯಾರೋ ಅಗದಾರ್ರಿ. ನೀವೂ ನಿಮ್ಮ ಮಾವಾರೂ ಬರಬೇಕಾಗೈತಿ."

"ನಾವ್ಯಾಕ್ರಿ?"

"ಜನ ನಿಮ್ಮ ಹೆಸರ ಹೇಳಾಕತ್ತಾರ್ರಿ. ಪೊಲೀಸರ್ ಕಡೆ ಹೋಗೂಣು ಅಂತಾರ. ಮೊದಲ ಮಾತಾಡೂಣು ಅಂತ ನಾನ ತಡದೀನಿ. ಇವತ್ತ ಬರ್ರಿ."

ನಿಧಿಗಾಗಿ ಅಗೆದಳೆಂದು ಸರ್ಕಾರಿ ನೌಕರಿಯವಳ ಮೇಲೆ ದೂರು ದಾಖಲಾದರೆ ಮುಂದೇನು ಎಂಬುದನ್ನು ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಮಹಾಂತೇಶನಿಗೆ ಫೋನು ಹಚ್ಚಿದೆ, ಹತ್ತಲಿಲ್ಲ. ಮನೆಗೆ ಹೋಗಿ ಮಾವನಿಗೆ ವಿಷಯವನ್ನು ಆದಷ್ಟು ಮೆತ್ತಗೆ ಹೇಳಿದೆ. ಅವರ ಎದೆಯ ಚಿಂತೆ ಬೇರೆ. ಅವರು ಎದ್ದು ಅಂಗಿ ಬದಲಿಸಿದರು.

"ನೀವ್ ಬರಬ್ಯಾಡ್ರಿ ಮಾಮಾರ. ನಾ ಒಬ್ಬಾಕಿನ ಹೋಗ್ತೀನಿ."

"ಮಾತು ಆಡಿದಾಂವ ನಾನು. ನೀ ಒಬ್ಬಾಕಿ ಹೋಗಿ ಏನ್ ಹೇಳ್ತಿ? ಗಾಡಿ ತೆಗಿ."

ಸ್ಕೂಟಿಯ ಹಿಂದೆ ಕುಳಿತು ಅವರು ಒಂದು ಮಾತೂ ಆಡಲಿಲ್ಲ. ದಾರಿಯ ಎರಡೂ ಕಡೆ ಜೋಳ ತೆನೆ ಬಾಗಿಸಿ ನಿಂತಿತ್ತು. ನನಗೆ ಅವರ ಮೇಲೆ ಎಷ್ಟು ಸಿಟ್ಟಿತ್ತೆಂದರೆ, ಅವರು ಸುಮ್ಮನಿದ್ದದ್ದಕ್ಕೂ ಸಿಟ್ಟು ಬಂತು.

ಕಟ್ಟೆಯನ್ನು ನೋಡಿದಾಗ ಮಾತ್ರ ಸಿಟ್ಟು ಮರೆತುಹೋಯಿತು. ಒಂದು ಬದಿಯ ಕಲ್ಲುಗಳನ್ನೆಲ್ಲ ಹಾರೆಯಿಂದ ಎಬ್ಬಿಸಿ ಎಸೆದಿದ್ದರು. ಆಳುದ್ದದ ಗುಂಡಿ. ಬೇವಿನ ದಪ್ಪ ಬೇರೊಂದು ತುಂಡಾಗಿ ಹಸಿಯಾಗಿ ಕಾಣುತ್ತಿತ್ತು. ದಿನಾ ಕುಳಿತುಕೊಳ್ಳುತ್ತಿದ್ದವರೆಲ್ಲ ಎಲ್ಲಿ ಕುಳಿತುಕೊಳ್ಳಬೇಕೆಂದು ತಿಳಿಯದೆ ನಿಂತೇ ಇದ್ದರು. ಯಲ್ಲಪ್ಪಜ್ಜ ಒಬ್ಬನೇ ಕಿತ್ತುಬಿದ್ದ ಕಲ್ಲಿನ ಮೇಲೆ ಕುಳಿತಿದ್ದ.

ದ್ಯಾಮಣ್ಣ ಎಲ್ಲರಿಗಿಂತ ಮುಂದೆ ಬಂದ. "ನನಗ ಗಿಡದ ಸರ್ವೇ ಅಂದ್ರಿ. ಎಲ್ಲೈತ್ರಿ ನಿಮ್ಮ ಸರ್ವೇ?"

"ನನಗ ಕೀಲಿ ಅಂದ್ಲು," ಎಂದ ಯಲ್ಲಪ್ಪಜ್ಜ. "ಕೀಲಿ ಕೈಯಾಗ ಇತ್ತು."

ಅಜ್ಜನ ಕಣ್ಣು ಅಷ್ಟೇನೂ ಮಂಜಾಗಿರಲಿಲ್ಲ.

"ನನಗ ಬಸ್ಸಿಗೆ ಕಾಯಾಕತ್ತೀನಿ ಅಂದ್ರಿ," ಎಂದಳು ರೇಣುಕಾ. ದನಿಯಲ್ಲಿ ಸಿಟ್ಟಿರಲಿಲ್ಲ. ನನ್ನ ಮುಖವನ್ನೇ ನೋಡುತ್ತಿದ್ದಳು. "ಮೂರ್ ಮಂದಿಗೆ ಮೂರ್ ನಮೂನಿ. ಖರೆ ಯಾವ್ದ್ರಿ ಮೇಡಮ್?"

ನಾನು ಖರೆ ಹೇಳಿದೆ. ಆಟ, ಆ್ಯಪ್, ಉಪಗ್ರಹ, ಡಬ್ಬಿ, ಎಲ್ಲ. ಫೋನು ತೆಗೆದು ಚುಕ್ಕೆ ತೋರಿಸಿದೆ. ಹೇಳುತ್ತ ಹೇಳುತ್ತ ಹಿಂದಿನ ಮೂರು ಸುಳ್ಳುಗಳಿಗಿಂತ ಇದೇ ದೊಡ್ಡ ಸುಳ್ಳಿನಂತೆ ನನಗೇ ಕೇಳಿಸತೊಡಗಿತು.

"ಡಬ್ಬಿಯೊಳಗ ಏನ್ ಇರ್ತೈತಿ?" ದ್ಯಾಮಣ್ಣ ಕೇಳಿದ.

"ಒಂದು ಚೀಟಿ."

"ಚೀಟ್ಯಾಗ?"

"ಹುಡುಕಿದವರ ಹೆಸರು."

"ಹುಡುಕಿದವರಿಗೆ ಏನ್ ಸಿಗ್ತೈತಿ?"

"ಏನೂ ಇಲ್ರಿ."

ಯಲ್ಲಪ್ಪಜ್ಜ ನನ್ನನ್ನು ಮರುಕದಿಂದ ನೋಡಿ, "ಏನೂ ಸಿಗೂದಿಲ್ಲಂದ್ರ ಅಣ್ಣಿಗೇರಿಯಿಂದ ಮೂರ್ ಸಲ ಬಂದ್ಯಾ ಯವ್ವಾ?" ಎಂದ.

"ಪೂರಾ ಸುಳ್ಳು!" ದ್ಯಾಮಣ್ಣ ಗುಂಪಿನ ಕಡೆ ತಿರುಗಿದ. "ಓದಿದವರ ಸುಳ್ಳು ಹಿಂಗ ಇರ್ತಾವ. ನಡೀರಿ, ಸ್ಟೇಷನ್ನಿಗೆ ಹೋಗೂಣು." ನಾಲ್ಕಾರು ಜನ ಹೌದೆಂದರು. ಯಾರೋ ನನ್ನ ಸ್ಕೂಟಿಯ ಕೀಲಿ ಕಿತ್ತುಕೊಂಡರು. ಹೆಂಗಸರ ನಡುವಿನಿಂದ ಒಂದು ಬೈಗುಳ ಬಂತು. ನನ್ನ ಕಣ್ಣಲ್ಲಿ ನೀರಾಡಿದ್ದು ಹೆದರಿಕೆಗಲ್ಲ. ಒಂದೇ ಒಂದು ಸಲ ನಿಜ ಹೇಳಿದಾಗಲೇ ಯಾರೂ ನಂಬುತ್ತಿಲ್ಲವಲ್ಲ ಎಂಬ ಸಂಕಟಕ್ಕೆ.

ಮಾವ ಗುಂಡಿಯ ಅಂಚಿಗೆ ಬಂದು ನಿಂತರು. ಮೊದಲ ಬಾರಿಗೆ ಅವರ ದನಿ ಸಣ್ಣದಾಗಿತ್ತು. "ನೋಡ್ರಪಾ. ಏಳ್ ಕೊಪ್ಪರಿಗಿ ಅಂದಾಂವ ನಾನು. ಚಾಷ್ಟಿ ಮಾಡಿದೆ. ಆ ಮಾತು ಕೇಳೇ ಯಾರೋ ಅಗದಾರ. ಅಗದಾವ್ರು ಯಾರ ಇರಲಿ, ಮಾತು ನಂದು. ಪೊಲೀಸ್ರ ಹಂತ್ಯಾಕ ಒಯ್ಯೂದಾದ್ರ ನನ್ನ ಒಯ್ರಿ. ಈಕಿನ್ನ ಬಿಡ್ರಿ."

"ನೀವಾರ ಖರೆ ಹೇಳ್ರಿ ಕಾಕಾ," ಎಂದಳು ರೇಣುಕಾ. "ಆಟ ಅಂಬೂದು ಖರೇನ?"

"ಖರೆ ಐತಿ ತಂಗಿ. ನನಗೂ ಮೊದಲ ನಂಬಿಕಿ ಬಂದಿದ್ದಿಲ್ಲ."

ರೇಣುಕಾ ಜನರ ಕಡೆ ತಿರುಗಿದಳು. "ನನ್ನ ಫೋನಿನ್ಯಾಗ ಇವರ ನಂಬರ್ ಹೆಂಗ್ ಬಂತು? ಈ ಕಾಕಾರ ಇಲ್ಲಿ ಕುಂತು ಕೊಟ್ಟಿದ್ರು. ಮನಿ ಎಲ್ಲಿ ಅಂತ ಹೇಳ್ಯಾರ. ಮಗಾ ಏನ್ ಮಾಡ್ತಾನ ಅಂತ ಹೇಳ್ಯಾರ. ಎದಿಯಾಗ ಏನ್ ಹಾಕ್ಯಾರ ಅನ್ನೂದು ಸೈತ ಹೇಳ್ಯಾರ. ನಿಧಿ ತಗಿಯಾಕ ಬಂದಾವ್ರು ಇಷ್ಟೆಲ್ಲಾ ಹೇಳಿ ಹೋಗ್ತಾರೇನ್ರಿ? ಎದಿಗೆ ಆಪರೇಷನ್ ಆದಾವ್ರು ಈ ಕಲ್ಲ ಎತ್ತತಾರೇನ್ರಿ?"

"ಆಕಿ ಸುಳ್ಳ್ಯಾಕ ಹೇಳಿದ್ಲು ಹಂಗಾರ?" ದ್ಯಾಮಣ್ಣ ಬಿಡಲಿಲ್ಲ.

"ನಾಚಿಕಿಗಿ," ಎಂದ ಯಲ್ಲಪ್ಪಜ್ಜ ನಿರಾಳವಾಗಿ. "ನನಗೂ ಬರ್ತಿತ್ತು. ದೊಡ್ಡಾಕಿಯಾಗಿ ಡಬ್ಬಿ ಹುಡುಕಾಕತ್ತೀನಿ ಅಂತ ಹೆಂಗ್ ಹೇಳ್ತಾಳ?"

ಯಾರೋ ಕಿಸಕ್ಕೆಂದು ನಕ್ಕರು. ಆ ನಗು ಮೆಲ್ಲಗೆ ಹರಡಿತು. ನನ್ನ ಅಷ್ಟೂ ದಿನದ ಹುಷಾರಿತನವೇ ನನ್ನನ್ನು ಕಳ್ಳಿಯನ್ನಾಗಿ ಮಾಡಿತ್ತು. ನಾನು ಹಲ್ಲು ಕಚ್ಚಿ ಸಹಿಸಿದ್ದ ಮಾವನ ಬಾಯಿ ನಮ್ಮಿಬ್ಬರನ್ನೂ ಉಳಿಸಿತ್ತು. ಇದಕ್ಕಿಂತ ಕಿರಿಕಿರಿಯ ಬಿಡುಗಡೆ ಇನ್ನೊಂದಿರಲಾರದು. ಸ್ಕೂಟಿಯ ಕೀಲಿ ಕೈಗೆ ಬಂತು. ದ್ಯಾಮಣ್ಣ ಮುಖ ಗಂಟಿಕ್ಕಿಕೊಂಡೇ ಚಹಾ ತಂದು ಕೊಟ್ಟ.

ಅಗೆದವರು ಯಾರೆಂಬುದು ವಾರದೊಳಗೆ ಹೊರಬಿತ್ತು. ಹೊಸ ಹಾರೆಯನ್ನು ಹೊಲದ ಬದುವಿನಲ್ಲಿ ಬಚ್ಚಿಡುವಾಗ ಸಿಕ್ಕಿಬಿದ್ದವನು ದ್ಯಾಮಣ್ಣನ ಅಣ್ಣನ ಮಗ. ಜೊತೆಗೆ ಅವನ ಇಬ್ಬರು ಗೆಳೆಯರು. ಕೊಪ್ಪರಿಗೆಯ ಮಾತು ಕಟ್ಟೆಯಿಂದ ಮನೆಗೆ, ಮನೆಯಿಂದ ಅವರ ತಲೆಗೆ ಹೋಗಿತ್ತು. ಸಿಕ್ಕಿದ್ದು ಒಂದು ಒಡಕು ಮಡಕೆ ಮತ್ತು ಬೇಕಾದಷ್ಟು ಮಣ್ಣು. ರೇಣುಕಾ ಇದನ್ನು ಫೋನಿನಲ್ಲಿ ಹೇಳುವಾಗ ದ್ಯಾಮಣ್ಣನ ಹೆಸರು ಬಂದಲ್ಲಿ ದನಿ ತಗ್ಗಿಸಿದಳು. "ಪಾಪ, ಹೊರಗ ಬರವಲ್ಲ ಮನುಷ್ಯ. ಅಂಗಡಿ ಬಾಗಲಾ ತಗದಿಲ್ಲ." ಮಾವ ಫೋನು ಕಸಿದುಕೊಂಡು, "ಅಂವಗ ಹೇಳು, ರವಿವಾರ ನಾ ಬರ್ತೀನಿ, ಚಹಾ ಬೇಕ ಬೇಕು ಅಂತ" ಎಂದರು.

ಕಟ್ಟೆಯನ್ನು ಮತ್ತೆ ಕಟ್ಟಲು ಆ ಮೂವರು ಹುಡುಗರನ್ನು ಹಚ್ಚಿದರು. ಮಾವ ಪ್ರತಿ ಭಾನುವಾರ ಬಸ್ಸು ಹತ್ತಿ ಹೊರಟರು. ಭಾರ ಎತ್ತಬೇಡಿ ಎಂದು ನಾನು ಬೇಡಿಕೊಂಡೆ, ಬೈದೆ, ಒಂದು ದಿನ ಬಾಗಿಲಿಗೆ ಅಡ್ಡ ನಿಂತೆ. "ಎತ್ತೂದಿಲ್ಲ ಬೇ, ಬರೇ ಹೇಳ್ತೀನಿ" ಎಂದರು. ಒಂದು ದಿನ ನಾನೇ ಹೋಗಿ ನೋಡಿದರೆ ತಲೆಗೆ ಟವೆಲ್ ಸುತ್ತಿ ಬುಟ್ಟಿಯಲ್ಲಿ ಮಣ್ಣು ಹೊರುತ್ತಿದ್ದರು. ಎದುರಿಗೆ ದ್ಯಾಮಣ್ಣ ಕಲ್ಲಿಗೆ ಕಲ್ಲು ಹೊಂದಿಸುತ್ತಿದ್ದ. ಇಬ್ಬರೂ ಕೂಗಾಡುತ್ತಿದ್ದರು, ಯಾವ ಕಲ್ಲು ಎಲ್ಲಿ ಎಂದು. ನಾನು ಬುಟ್ಟಿ ಕಸಿದುಕೊಂಡೆ. ಅದನ್ನು ಅಲ್ಲೇ ಇಡುವ ಹಾಗಿರಲಿಲ್ಲ, ಎಲ್ಲರೂ ನೋಡುತ್ತಿದ್ದರು. ಹಾಗಾಗಿ ಸಂಜೆಯವರೆಗೆ ಮಣ್ಣು ಹೊತ್ತವಳು ನಾನು.

ಹಳೆಯ ಡಬ್ಬಿ ಕೊನೆಗೂ ಸಿಗಲಿಲ್ಲ. ಅದನ್ನು ಇಟ್ಟವನಿಗೆ ಆ್ಯಪಿನಲ್ಲಿ ಬರೆದೆ. ತಾನೀಗ ದೂರ ಇದ್ದೇನೆ, ಬೇಕಾದರೆ ನೀವೇ ಹೊಸದು ಇಡಿ ಎಂದ. ಊರಿನವರು ಪಂಚಾಯಿತಿಯಲ್ಲಿ ಮಾತಾಡಿ ಒಪ್ಪಿದರು. ಕಟ್ಟೆ ಮುಗಿದ ದಿನ ದ್ಯಾಮಣ್ಣ ತನ್ನ ಅಂಗಡಿಯ ಏಲಕ್ಕಿ ಡಬ್ಬಿ ತೊಳೆದು ತಂದ. ಮಾವ ಅದನ್ನು ಎಡಗಡೆಯ ಸಂದಿಯಲ್ಲಿಟ್ಟು ಮುಂದೆ ಸಣ್ಣ ಕಲ್ಲು ಮುಚ್ಚಿದರು. ಇಡೀ ಊರು ಸುತ್ತ ನಿಂತು ನೋಡಿತು. ಗುಟ್ಟಾಗಿ ಇಡಬೇಕಾದ ಡಬ್ಬಿ!

ಮೇ ತಿಂಗಳಲ್ಲಿ ನನಗೆ ಗದಗಿಗೆ ವರ್ಗವಾಯಿತು. ಡಬ್ಬಿಯನ್ನು ನೋಡಿಕೊಳ್ಳುವವರು ಹತ್ತಿರದಲ್ಲೇ ಇರಬೇಕು. ರೇಣುಕಾ ತನ್ನ ಫೋನಿಗೆ ಆ್ಯಪ್ ಹಾಕಿಸಿಕೊಂಡಳು. ಹೇಳಿ ಬರಲೆಂದು ನಾನೂ ಮಾವನೂ ಹೋದ ಮಧ್ಯಾಹ್ನ ಬಿಸಿಲು ಕಣ್ಣು ಬಿಡಗೊಡುತ್ತಿರಲಿಲ್ಲ. ಬೇರು ಕಡಿದ ಬದಿಯಲ್ಲಿ ಬೇವಿನ ಒಂದು ಕೊಂಬೆ ಒಣಗಿತ್ತು; ಉಳಿದ ಮರದ ನೆರಳು ಎಲ್ಲರಿಗೂ ಸಾಲುವಷ್ಟಿತ್ತು. ಎಲ್ಲರನ್ನೂ ಕೂಡಿಸಿ ಪಾಠ ಮಾಡಿದಂತೆ ಹೇಳಿದೆ: ಹುಡುಕಲು ಯಾರಾದರೂ ಬಂದರೆ ನೋಡಬಾರದು, ಕೇಳಬಾರದು, ತೋರಿಸಲೇಬಾರದು. ಎಲ್ಲರೂ ಗಂಭೀರವಾಗಿ ತಲೆಯಾಡಿಸಿದರು. ರೇಣುಕಾಗೆ ಮಾತ್ರ ಸಮಾಧಾನವಾಗಲಿಲ್ಲ.

"ಇಂಥಾ ಬಿಸಲಾಗ ಬಂದು ಒದ್ದಾಡೂದು ನೋಡ್ಕೋತ ಸುಮ್ನ ಹೆಂಗ್ ಕುಂದರೂದ್ರಿ ಮೇಡಮ್?"

"ಕುಂದರಬೇಕ್ರಿ. ಆಟಾನ ಅದು."

ಅಷ್ಟರಲ್ಲೇ ಒಂದು ಬೈಕು ಬಂದು ನಿಂತಿತು. ಹುಡುಗ, ಹುಡುಗಿ, ಇಪ್ಪತ್ತೈದರ ವಯಸ್ಸು. ಹುಡುಗ ಗಾಲಿ ನೋಡುವ ನೆಪದಲ್ಲಿ ಬಗ್ಗಿದ. ಹುಡುಗಿ ಫೋನು ನೋಡುತ್ತ ಕಟ್ಟೆಯ ಸುತ್ತ ಒಂದು ಸುತ್ತು ಬಂದಳು. ಕಟ್ಟೆಯ ಮೇಲೆ ಮಾತು ನಿಂತಿತು. ದ್ಯಾಮಣ್ಣ ಆಕಾಶ ನೋಡತೊಡಗಿದ. ಇಸ್ಪೀಟಿನವರು ಎಲೆಯಲ್ಲಿ ಮುಖ ಮುಚ್ಚಿಕೊಂಡರು. ರೇಣುಕಾ ಸೆರಗಿನ ಅಂಚನ್ನು ಎಣಿಸುವವಳಂತೆ ಹಿಡಿದಳು. ಯಲ್ಲಪ್ಪಜ್ಜ ಕಣ್ಣು ಮುಚ್ಚಿಯೇಬಿಟ್ಟ. ಮಾವ ತುಟಿ ಬಿಗಿಹಿಡಿದು ಕೆಂಪಾಗುತ್ತಿದ್ದರು. ಅಷ್ಟು ಜನ ಅಷ್ಟು ಅಸಹಜವಾಗಿ ಯಾರನ್ನೂ ನೋಡದೆ ಕುಳಿತದ್ದನ್ನು ನಾನು ಎಲ್ಲಿಯೂ ಕಂಡಿಲ್ಲ. ಹುಡುಗಿಗೆ ಹೆದರಿಕೆಯಾಯಿತು. ಹುಡುಗನ ತೋಳು ಹಿಡಿದು ಏನೋ ಪಿಸುಗುಟ್ಟಿದಳು. ಅವಳ ಮುಖದಿಂದ ಬೆವರು ಧಾರೆಯಾಗಿ ಇಳಿಯುತ್ತಿತ್ತು. ಇಬ್ಬರೂ ಬೈಕಿನ ಕಡೆ ತಿರುಗಿದರು.

"ಎಡಗಡೆ ನೋಡ್ರಿ!" ಎಂದೆ.

ನಾನೇ ಎಂದೆ. ಅದೂ ಇಡೀ ಊರಿಗೆ ಕೇಳುವಂತೆ. "ಕೆಳಗಿನ ಸಾಲಿನ್ಯಾಗ, ಸಣ್ಣ ಕಲ್ಲಿನ ಹಿಂದ ಐತಿ. ಕಲ್ಲು ತಗೀರಿ, ಸಿಗ್ತೈತಿ!"

ಕಟ್ಟೆಯ ಮೇಲೆ ಎಲ್ಲರೂ ಒಮ್ಮೆಲೆ ಉಸಿರು ಬಿಟ್ಟರು. ಆಮೇಲೆ ಎಲ್ಲರೂ ಒಟ್ಟಿಗೆ ಕೂಗತೊಡಗಿದರು, ಆ ಕಡೆ, ಈ ಕಡೆ, ಅದಲ್ಲ ಅದರ ಬಾಜೂದು ಎಂದು. ರೇಣುಕಾ ಎದ್ದು ನೀರಿನ ತಂಬಿಗೆ ತರಲು ಓಡಿದಳು. ಹುಡುಗ ಡಬ್ಬಿ ತೆಗೆದು ಪೆಚ್ಚಾಗಿ ನಿಂತ. ಹುಡುಗಿ ಮಾತ್ರ ನೇರವಾಗಿ ನನ್ನ ಹತ್ತಿರ ಬಂದಳು. ಸಿಟ್ಟಿನಿಂದ ಅವಳ ಮೂಗಿನ ತುದಿ ಕೆಂಪಾಗಿತ್ತು.

"ಯಾಕ್ರಿ ಹೇಳಿದ್ರಿ? ಹುಬ್ಬಳ್ಳಿಯಿಂದ ಬಂದೀವ್ರಿ ನಾವು. ನಾವ ಹುಡುಕತಿದ್ವಿ."

"ಗೊತ್ತೈತ್ರಿ," ಎಂದೆ. "ಕುಂದರ್ರಿ. ಮೊದಲ ನೀರ್ ಕುಡೀರಿ."